ತುರ್ತು ಕರೆಯ ಮೂರು ಅಂಕಿ



ಇಂದು ನಾನು ಮಾತನಾಡಲು ಆರಿಸಿಕೊಂಡಿರುವ ವಿಷಯ ನೋಡಲು ಬಹಳ ಚಿಕ್ಕದು. ಮೂರು ಅಂಕಿಗಳಷ್ಟು ಚಿಕ್ಕದು. ನೂರು, ನೂರಾ ಎಂಟು, ನೂರಾ ಹನ್ನೆರಡು ಎಂದು ನೀವೆಲ್ಲ ಬಾಯಿಪಾಠ ಮಾಡಿರುವ ತುರ್ತು ದೂರವಾಣಿ ಸಂಖ್ಯೆಗಳ ವಿಷಯ. ಈ ಸಂಖ್ಯೆಗಳು ಎಲ್ಲಿ ಹುಟ್ಟಿದವು, ಏಕೆ ಹುಟ್ಟಿದವು, ಈ ಅಂಕಿಗಳನ್ನೇ ಏಕೆ ಆರಿಸಿದರು, ಅವನ್ನು ಒತ್ತಿದಾಗ ಆ ಕಡೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. ನಾನು ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದ್ದು 1970ರ ದಶಕದಲ್ಲಿ, ಮಲೆನಾಡಿನ ಒಂದು ಸಣ್ಣ ಊರಿನಲ್ಲಿ. ಆಗ ಅಲ್ಲಿ ಡಯಲ್ ಇರಲಿಲ್ಲ. ಮನೆಯಲ್ಲಿರುವ ಫೋನಿನ ಪಕ್ಕದ ಹಿಡಿಕೆಯನ್ನು ಗರಗರನೆ ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ನಮ್ಮ ಎದುರಿಗಿದ್ದ ಬೋರ್ಡಿನ ಮೇಲೆ ಆ ಮನೆಯ ನಂಬರಿನ ಪುಟ್ಟ ತಗಡಿನ ಮುಚ್ಚಳ ಟಕ್ಕೆಂದು ಬೀಳುತ್ತಿತ್ತು. ಅದಕ್ಕೆ ಶಟರ್ ಎನ್ನುತ್ತಿದ್ದೆವು. ಶಟರ್ ಬಿದ್ದ ಕೂಡಲೇ ಅದರ ಕೆಳಗಿನ ತೂತಿಗೆ ಹಗ್ಗದಂಥ ಕಾರ್ಡನ್ನು ಚುಚ್ಚಿ, "ನಂಬರ್ ಪ್ಲೀಸ್" ಎಂದು ಕೇಳಬೇಕು. ಒಟ್ಟು ಐವತ್ತು ಲೈನುಗಳ ಬೋರ್ಡು. ರಾತ್ರಿ ಪಾಳಿಯಲ್ಲಿ ಒಬ್ಬನೇ ಆಪರೇಟರ್.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಎಂದರೆ ನಮಗೆ ಪ್ರಾಣಸಂಕಟ. ಮಿಂಚು ಹೊಡೆದಾಗಲೆಲ್ಲ ತೋಟಗಳ ಮೇಲೆ ಹಾದುಹೋದ ತಂತಿಗಳಲ್ಲಿ ವಿದ್ಯುತ್ತು ಹರಿದು, ಯಾರೂ ಕರೆಯದಿದ್ದರೂ ಶಟರುಗಳು ತಾವಾಗಿಯೇ ಬೀಳುತ್ತಿದ್ದವು. ಒಂದು ಮೇ ತಿಂಗಳ ರಾತ್ರಿ ಊರಿನಿಂದ ದೂರದ ಒಂದು ಮನೆಯ ಶಟರು ಹಾಗೆ ಆರೇಳು ಸಲ ಬಿತ್ತು. ಪ್ರತಿ ಸಲವೂ ಕಾರ್ಡು ಚುಚ್ಚಿ ಕೇಳಿದೆ. ಆ ಕಡೆ ಬರೀ ಗೊರಗೊರ ಸದ್ದು. ಅದೇ ಹೊತ್ತಿಗೆ ಟ್ರಂಕ್ ಕಾಲಿಗೆ ಕಾದಿದ್ದವರು ಇಬ್ಬರು. ಮುಂದಿನ ಸಲ ಆ ಶಟರು ಬಿದ್ದಾಗ ನಾನು ಅದನ್ನು ಎತ್ತಿ ನಿಲ್ಲಿಸಿ, ಟ್ರಂಕ್ ಕೆಲಸ ಮುಗಿಸಿಕೊಂಡೆ. ಕಾಲು ಗಂಟೆಯ ಮೇಲೆ ಏನೋ ಸಂಶಯ ಬಂದು ಕಾರ್ಡು ಚುಚ್ಚಿದರೆ ಆ ಕಡೆ ಒಬ್ಬರು ಕೂಗುತ್ತಿದ್ದರು. ಅವರ ಮನೆಯ ಹುಡುಗನಿಗೆ ಹಾವು ಕಚ್ಚಿತ್ತು. ಡಾಕ್ಟರ ಮನೆಗೆ ಕೊಟ್ಟೆ. ಜೀಪು ಹೋಯಿತು. ಹುಡುಗ ಬದುಕಿದ. ವಾರದ ಮೇಲೆ ಆ ಮನೆಯ ಯಜಮಾನರು ಸಂತೆಯಲ್ಲಿ ಸಿಕ್ಕಾಗ ಬೈಯಲಿಲ್ಲ. "ಎಂತ ಮಾರಾಯ್ರೆ, ಆ ದಿನ ನಿದ್ದೆ ಬಂದಿತ್ತಾ?" ಎಂದು ಮಾತ್ರ ಕೇಳಿದರು. ನಿದ್ದೆ ಬಂದಿರಲಿಲ್ಲ. ಸಿಡಿಲಿಗೆ ಬಿದ್ದ ಶಟರಿಗೂ ಮನುಷ್ಯ ಬೀಳಿಸಿದ ಶಟರಿಗೂ ನನಗೆ ವ್ಯತ್ಯಾಸ ತಿಳಿದಿರಲಿಲ್ಲ, ಅಷ್ಟೆ. ಅಡಿಕೆ ಧಾರಣೆ ಕೇಳುವವನ ಶಟರೂ ಹಾಗೆಯೇ ಬೀಳುತ್ತದೆ, ಹಾವು ಕಚ್ಚಿದವನ ಶಟರೂ ಹಾಗೆಯೇ ಬೀಳುತ್ತದೆ.

ತುರ್ತು ಸಂಖ್ಯೆಗಳ ಇತಿಹಾಸ ಓದಿದಾಗ ನನಗೆ ಆಶ್ಚರ್ಯವಾಯಿತು. ಲಂಡನ್ನಿನಂಥ ಮಹಾನಗರದಲ್ಲೂ ಆದದ್ದು ಇದೇ.

1935ನೆಯ ಇಸವಿ ನವೆಂಬರ್ 10. ಲಂಡನ್ನಿನ ವಿಂಪೋಲ್ ಸ್ಟ್ರೀಟ್ ವೈದ್ಯರ ಬೀದಿ ಎಂದೇ ಹೆಸರಾದದ್ದು. ಅಲ್ಲಿನ ಒಂದು ಮನೆಗೆ ಬೆಂಕಿ ಬಿತ್ತು. ನೆರೆಮನೆಯವರು ಕೂಡಲೇ ಫೋನ್ ತೆಗೆದುಕೊಂಡು 0 ತಿರುಗಿಸಿದರು. ಆಗ ಅಲ್ಲಿದ್ದ ಪದ್ಧತಿ ಅದು. 0 ತಿರುಗಿಸಿದರೆ ಆಪರೇಟರ್ ಬರುತ್ತಾರೆ. ಅವರಿಗೆ "ಫೈರ್", "ಪೊಲೀಸ್" ಅಥವಾ "ಆಂಬುಲೆನ್ಸ್" ಎಂದು ಹೇಳಬೇಕು. ಆದರೆ ಆಪರೇಟರ್ ಬರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಆ ಹೊತ್ತಿಗೆ ಬೇರೆ ಕರೆಗಳ ಸಾಲಿತ್ತು. ಈ ಕರೆ ಸಾಲಿನ ಕೊನೆಯಲ್ಲಿ ನಿಂತಿತು. ಅವರು ಫೋನ್ ಹಿಡಿದು ಕಾಯುತ್ತಿರುವಾಗಲೇ, ಬೇರೆ ಯಾರೋ ಕೊಟ್ಟ ಸುದ್ದಿಯ ಮೇಲೆ ಅಗ್ನಿಶಾಮಕ ದಳ ಬಂದಿತು. ಆ ಬೆಂಕಿಯಲ್ಲಿ ಐವರು ಮಹಿಳೆಯರು ಸತ್ತರು. ನೆರೆಮನೆಯವರು ಸಿಟ್ಟಿನಿಂದ ದಿ ಟೈಮ್ಸ್ ಪತ್ರಿಕೆಯ ಸಂಪಾದಕರಿಗೆ ಒಂದು ಪತ್ರ ಬರೆದರು. ಆ ಪತ್ರ ದೊಡ್ಡ ಚರ್ಚೆಗೆ ಕಾರಣವಾಯಿತು. ಸರ್ಕಾರ ವಿಚಾರಣೆ ನಡೆಸಿತು. ಆಗ ಬ್ರಿಟನ್ನಿನ ಟೆಲಿಫೋನ್ ವ್ಯವಸ್ಥೆ ಅಂಚೆ ಇಲಾಖೆಯ ಕೈಯಲ್ಲಿತ್ತು. ಆ ಇಲಾಖೆಯ ಎಂಜಿನಿಯರುಗಳ ಮುಂದೆ ಪ್ರಶ್ನೆ ಬಂದು ನಿಂತಿತು: ನೂರು ಕರೆಗಳ ನಡುವೆ ಪ್ರಾಣದ ಕರೆಯನ್ನು ಬೇರೆ ಮಾಡುವುದು ಹೇಗೆ?

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೆನಪಿಡಲು ಸುಲಭವಾದ ಸಂಖ್ಯೆ ಬೇಕಾಗಿತ್ತು, ಅದಕ್ಕೇ ತುರ್ತು ಸಂಖ್ಯೆ ಹುಟ್ಟಿತು ಎಂದು ಅನೇಕರು ತಿಳಿದಿದ್ದಾರೆ. 0 ಕ್ಕಿಂತ ಸುಲಭವಾದ ಸಂಖ್ಯೆ ಇದೆಯೇ? ಸಮಸ್ಯೆ ಕರೆಯುವವನ ನೆನಪಿನದಲ್ಲ, ಕೇಳುವವನ ಕಿವಿಯದು. ಆದ್ದರಿಂದ ಹೊಸ ಸಂಖ್ಯೆಯನ್ನು ತಿರುಗಿಸಿದ ಕೂಡಲೇ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹತ್ತಿ, ಜೋರಾಗಿ ಹಾರನ್ ಕೂಗುವಂತೆ ಏರ್ಪಾಡು ಮಾಡಿದರು. ಹಾರನ್ ಕೂಗಿದಾಗ ಆಪರೇಟರ್ ಕೈಯಲ್ಲಿದ್ದ ಕೆಲಸ ಬಿಟ್ಟು ಮೊದಲು ಇದನ್ನು ತೆಗೆದುಕೊಳ್ಳಬೇಕು. ಮೊದಮೊದಲು ಆ ಸದ್ದು ಎಷ್ಟು ಕರ್ಕಶವಾಗಿತ್ತೆಂದರೆ, ಅಲ್ಲಿದ್ದ ಹೆಣ್ಣುಮಕ್ಕಳು ಬೆಚ್ಚಿಬೀಳುತ್ತಿದ್ದರಂತೆ. ಹಾರನ್ನಿನ ಬಾಯಿಗೆ ಟೆನಿಸ್ ಚೆಂಡು ತುರುಕಿ ಸದ್ದು ಇಳಿಸಿದರು ಎಂಬ ಕಥೆಯೂ ಇದೆ. ಎಕ್ಸ್‌ಚೇಂಜಿನಲ್ಲಿ ಕೂತವನಾದ್ದರಿಂದ ನನಗೆ ಆ ಕಥೆಯನ್ನು ನಂಬಲು ಕಷ್ಟವೇನೂ ಆಗುವುದಿಲ್ಲ.

ಹೀಗೆ 1937ನೆಯ ಇಸವಿ ಜೂನ್ 30ರಂದು ಲಂಡನ್ನಿನಲ್ಲಿ 999 ಆರಂಭವಾಯಿತು. ಆಕ್ಸ್‌ಫರ್ಡ್ ಸರ್ಕಸ್ ಎಂಬ ವೃತ್ತದಿಂದ ಸುತ್ತ 12 ಮೈಲಿಯೊಳಗೆ ಮಾತ್ರ ಅದು ನಡೆಯುತ್ತಿತ್ತು. ಮೊದಲ ವಾರದಲ್ಲಿ 1,336 ಕರೆಗಳು ಬಂದವು. ಜುಲೈ 8ರ ಬೆಳಗಿನ ಜಾವ ಹ್ಯಾಂಪ್‌ಸ್ಟೆಡ್ ಬಡಾವಣೆಯ ಒಂದು ಮನೆಯಿಂದ ಹೋದ ಕರೆಯ ಮೇಲೆ ಪೊಲೀಸರು ಕೆಲವೇ ನಿಮಿಷಗಳಲ್ಲಿ ಬಂದು ಕಳ್ಳನನ್ನು ಹಿಡಿದರು. 999ರಿಂದ ಸಿಕ್ಕಿಬಿದ್ದ ಮೊದಲ ಕಳ್ಳ ಅವನು. 1938ರಲ್ಲಿ ಗ್ಲಾಸ್ಗೋ ನಗರಕ್ಕೆ ಈ ಸೌಲಭ್ಯ ಬಂತು. ನಡುವೆ ಮಹಾಯುದ್ಧ. ಬ್ರಿಟನ್ನಿನ ಮೂಲೆಮೂಲೆಗೂ 999 ತಲುಪುವ ಹೊತ್ತಿಗೆ 1976 ಆಗಿತ್ತು. ಸುಮಾರು ನಾಲ್ಕು ದಶಕ! ಹಳ್ಳಿಗಳಲ್ಲಿ ನಮ್ಮಂಥವರೇ ಬೋರ್ಡಿನ ಮುಂದೆ ಕೂತಿದ್ದರು. ಸ್ವಯಂಚಾಲಿತ ಎಕ್ಸ್‌ಚೇಂಜು ಬಾರದೆ 999 ಬರುವಂತಿರಲಿಲ್ಲ.

ಇನ್ನು ಆ ಮೂರು ಒಂಬತ್ತುಗಳೇ ಏಕೆ? ವಿಜ್ಞಾನದ ವಿದ್ಯಾರ್ಥಿಗಳಿಗೆ ಈ ಭಾಗ ರುಚಿಸಬಹುದು. ನೀವು ಈಗ ಗುಂಡಿ ಕೂಡ ಒತ್ತುವುದಿಲ್ಲ, ಗಾಜನ್ನು ಮುಟ್ಟುತ್ತೀರಿ. ಹಳೆಯ ಫೋನಿನಲ್ಲಿ ಹತ್ತು ತೂತುಗಳ ದುಂಡು ಬಿಲ್ಲೆಯಿತ್ತು. ಬೇಕಾದ ಅಂಕಿಯ ತೂತಿಗೆ ಬೆರಳು ಹಾಕಿ, ಕೆಳಗಿನ ಲೋಹದ ತಡೆಯವರೆಗೆ ತಿರುಗಿಸಿ ಬಿಡಬೇಕು. ಬಿಲ್ಲೆ ಹಿಂದಕ್ಕೆ ಸರಿಯುವಾಗ ಲೈನಿನ ವಿದ್ಯುತ್ತನ್ನು ಕಡಿದು ಕೂಡಿಸುತ್ತ ಬರುತ್ತದೆ. 1 ತಿರುಗಿಸಿದರೆ ಒಂದು ಮಿಡಿತ, 2 ತಿರುಗಿಸಿದರೆ ಎರಡು, 9 ತಿರುಗಿಸಿದರೆ ಒಂಬತ್ತು. 0 ತಿರುಗಿಸಿದರೆ ಸೊನ್ನೆ ಮಿಡಿತವಲ್ಲ, ಹತ್ತು ಮಿಡಿತ. ಸೆಕೆಂಡಿಗೆ ಸುಮಾರು ಹತ್ತು ಮಿಡಿತಗಳು. ಎಕ್ಸ್‌ಚೇಂಜಿನ ಯಂತ್ರ ಈ ಮಿಡಿತಗಳನ್ನು ಎಣಿಸಿಕೊಂಡು ಮೆಟ್ಟಿಲು ಹತ್ತಿದ ಹಾಗೆ ಹತ್ತಿ ನಿಮ್ಮ ಸಂಖ್ಯೆಯನ್ನು ಹುಡುಕುತ್ತಿತ್ತು. ಈ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದವನು ಅಮೆರಿಕದ ಆಲ್ಮನ್ ಸ್ಟ್ರೋಜರ್. ಅವನ ಕಸುಬು ಶವಸಂಸ್ಕಾರದ ಏರ್ಪಾಡು ಮಾಡುವುದು! ಊರಿನ ಆಪರೇಟರ್ ತನ್ನ ಗಿರಾಕಿಗಳನ್ನು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿಯಿಂದ ಆಪರೇಟರೇ ಬೇಡದ ಯಂತ್ರ ಕಂಡುಹಿಡಿದ ಎಂದು ಹೇಳುತ್ತಾರೆ. ನಮ್ಮ ಕುಲಕ್ಕೆ ಕುತ್ತು ತಂದ ಮಹಾಶಯ.

ಈಗ 111 ಎಂಬ ಸಂಖ್ಯೆಯನ್ನು ಯೋಚಿಸಿ. ಬೇಗ ತಿರುಗಿಸಬಹುದು. ಆದರೆ ಗಾಳಿಗೆ ಎರಡು ತಂತಿಗಳು ಒಂದಕ್ಕೊಂದು ತಾಗಿ ಬಿಟ್ಟರೂ ಒಂದು ಮಿಡಿತವಾಗುತ್ತದೆ. ಮೂರು ಸಲ ತಾಗಿದರೆ 111. ಅಂದರೆ ಗಾಳಿಯೇ ಪೊಲೀಸರನ್ನು ಕರೆದ ಹಾಗೆ! ನನ್ನ ಬೋರ್ಡಿನ ಮೇಲೆ ಮಿಂಚು ಶಟರು ಬೀಳಿಸಿದ ಹಾಗೆಯೇ ಇದು. ಸುಳ್ಳು ಕರೆ ಹೆಚ್ಚಾದರೆ ನಿಜವಾದ ಕರೆಯನ್ನು ಯಾರೂ ನಂಬುವುದಿಲ್ಲ. ಆದ್ದರಿಂದ 111 ಬೇಡವಾಯಿತು. 222 ಏಕೆ ಬೇಡ? ಆಗ ಲಂಡನ್ನಿನಲ್ಲಿ ಎಕ್ಸ್‌ಚೇಂಜಿನ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಡಯಲ್ ಮಾಡುತ್ತಿದ್ದರು. 2ರ ತೂತಿನಲ್ಲಿ ಎ, ಬಿ, ಸಿ ಮೂರೂ ಇದ್ದವು. ಆಬಿ ಎಂಬ ಎಕ್ಸ್‌ಚೇಂಜಿನ ಸಂಖ್ಯೆ 222 ಆಗಿಬಿಟ್ಟಿತ್ತು. 000 ಎಂದರೆ ಮೊದಲ ಸೊನ್ನೆಗೇ ಕರೆ ಆಪರೇಟರ್ ಬಳಿ ಹೋಗಿಬಿಡುತ್ತದೆ. 999ಕ್ಕೆ ಇನ್ನೊಂದು ಅನುಕೂಲವಿತ್ತು. ಬೀದಿಯ ಕಾಸಿನ ಫೋನುಗಳಲ್ಲಿ ಕಾಸು ಹಾಕದೆ 0 ಮಾತ್ರ ತಿರುಗುವಂತೆ ಡಯಲನ್ನು ಮಾಡಿದ್ದರು. ಅದರ ಪಕ್ಕದ 9ನ್ನೂ ಬಿಟ್ಟಿಯಾಗಿ ತಿರುಗುವಂತೆ ಮಾಡಲು ಸ್ವಲ್ಪ ತಿದ್ದಿದರೆ ಸಾಕಾಯಿತು. ಜೊತೆಗೆ ಹೊಗೆ ತುಂಬಿದ ಕೋಣೆಯಲ್ಲಿ, ಕತ್ತಲಲ್ಲಿ ಕಣ್ಣು ಕಾಣದವನು ಕೂಡ ಲೋಹದ ತಡೆಯನ್ನು ಕೈಯಿಂದ ಸವರಿ, ಅದರಿಂದ ಎರಡನೆಯ ತೂತು ಎಂದು ಹುಡುಕಿಕೊಳ್ಳಬಹುದಾಗಿತ್ತು. ಇಷ್ಟನ್ನೆಲ್ಲ ಯೋಚಿಸಿ ಆರಿಸಿದ ಸಂಖ್ಯೆ ಅದು.

ಆದರೆ ನ್ಯೂಜಿಲೆಂಡಿನಲ್ಲಿ ತುರ್ತು ಸಂಖ್ಯೆ 111. 1958ರಲ್ಲಿ ಮಾಸ್ಟರ್ಟನ್, ಕಾರ್ಟರ್ಟನ್ ಎಂಬ ಊರುಗಳಲ್ಲಿ ಅದು ಮೊದಲಾಯಿತು. ಅಲ್ಲಿ ಗಾಳಿ ಬೀಸುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಸ್ವಾರಸ್ಯವಾಗಿದೆ. ನ್ಯೂಜಿಲೆಂಡಿನ ಡಯಲಿನಲ್ಲಿ 0 ತನ್ನ ಜಾಗದಲ್ಲೇ ಇದ್ದು ಉಳಿದ ಅಂಕಿಗಳು ತಲೆಕೆಳಗಾಗಿದ್ದವು. ಅಲ್ಲಿ 1 ತಿರುಗಿಸಿದರೆ ಹೋಗುತ್ತಿದ್ದದ್ದು ಒಂಬತ್ತು ಮಿಡಿತ! ಬ್ರಿಟನ್ನಿನ 9 ಇದ್ದ ತೂತಿನಲ್ಲೇ ಅಲ್ಲಿ 1 ಇತ್ತು. ಎರಡೂ ದೇಶಗಳ ಯಂತ್ರಕ್ಕೆ ಕೇಳಿಸುತ್ತಿದ್ದದ್ದು ಒಂದೇ ಸಂದೇಶ. ಬಿಲ್ಲೆಯ ಮೇಲೆ ಬರೆದ ಅಂಕಿ ಮಾತ್ರ ಬೇರೆ.

ಅಮೆರಿಕದ 911ರ ಹೆಸರನ್ನು ಸಿನಿಮಾಗಳಿಂದಾಗಿ ನೀವು ಹೆಚ್ಚು ಕೇಳಿರುತ್ತೀರಿ. ವಿಚಿತ್ರವೆಂದರೆ ಉತ್ತರ ಅಮೆರಿಕದಲ್ಲಿ ಮೊದಲು ಒಂದೇ ತುರ್ತು ಸಂಖ್ಯೆ ತಂದ ನಗರ ಕೆನಡಾದ ವಿನಿಪೆಗ್, 1959ರಲ್ಲಿ. ಅವರು ಬಳಸಿದ್ದು ಬ್ರಿಟನ್ನಿನ 999ನ್ನೇ. ಅಮೆರಿಕದಲ್ಲಿ ಅಗ್ನಿಶಾಮಕ ಅಧಿಕಾರಿಗಳ ಸಂಘ 1957ರಲ್ಲೇ ಒಂದೇ ಸಂಖ್ಯೆ ಬೇಕೆಂದು ಕೇಳಿತ್ತು. 1967ರಲ್ಲಿ ಅಧ್ಯಕ್ಷರು ನೇಮಿಸಿದ್ದ ಆಯೋಗವೊಂದು ಅದನ್ನೇ ಶಿಫಾರಸು ಮಾಡಿತು. 1968ರ ಜನವರಿಯಲ್ಲಿ ಎಟಿ ಅಂಡ್ ಟಿ ಎಂಬ ದೈತ್ಯ ಕಂಪನಿ 911ನ್ನು ಘೋಷಿಸಿತು. ಆದರೆ ಮೊದಲು ಜಾರಿಗೆ ತಂದದ್ದು ಆ ದೈತ್ಯನಲ್ಲ. ಅಲಬಾಮಾ ಟೆಲಿಫೋನ್ ಕಂಪನಿ ಎಂಬ ಚಿಕ್ಕ ಕಂಪನಿ, ನಾವೇ ಮೊದಲಿಗರಾಗೋಣ ಎಂದು ಹಟ ಹಿಡಿದು, ಫೆಬ್ರವರಿ 16ರಂದು ಹೇಲಿವಿಲ್ ಎಂಬ ಸಣ್ಣ ಪಟ್ಟಣದಲ್ಲಿ 911ನ್ನು ಉದ್ಘಾಟಿಸಿಬಿಟ್ಟಿತು. ರಾಜ್ಯದ ಶಾಸನಸಭೆಯ ಸ್ಪೀಕರ್ ರಾಂಕಿನ್ ಫೈಟ್ ಕರೆ ಮಾಡಿದರು. ಪೊಲೀಸ್ ಠಾಣೆಯಲ್ಲಿ ಇಟ್ಟಿದ್ದ ಕೆಂಪು ಫೋನನ್ನು ಕಾಂಗ್ರೆಸ್ ಸದಸ್ಯ ಟಾಮ್ ಬೆವಿಲ್ ಎತ್ತಿಕೊಂಡು "ಹಲೋ" ಎಂದರು. ಇತಿಹಾಸಪ್ರಸಿದ್ಧವಾದ ಆ ಕರೆಯಲ್ಲಿ ಹೇಳಬೇಕಾದ ತುರ್ತು ಯಾವುದೂ ಇರಲಿಲ್ಲ. ದೇಶಕ್ಕೆಲ್ಲ 911 ಒಂದೇ ಎಂಬ ಕಾನೂನು ಬಂದದ್ದು 1999ರಲ್ಲಿ.

ಯೂರೋಪಿನ ರಾಷ್ಟ್ರಗಳದ್ದು ಇನ್ನೊಂದು ತಾಪತ್ರಯ. ಬೆಳಿಗ್ಗೆ ಒಂದು ದೇಶ, ಮಧ್ಯಾಹ್ನ ಇನ್ನೊಂದು ದೇಶ ದಾಟುವ ಲಾರಿ ಚಾಲಕ ಎಷ್ಟು ಸಂಖ್ಯೆ ನೆನಪಿಡಬೇಕು? 1991ರ ಜುಲೈನಲ್ಲಿ ಅವರು 112ನ್ನು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಸಾಮಾನ್ಯ ಸಂಖ್ಯೆಯನ್ನಾಗಿ ಮಾಡಲು ತೀರ್ಮಾನಿಸಿದರು. ಮಿಡಿತಗಳ ಲೆಕ್ಕ ಹಾಕಿ ನೋಡಿ. 999ಕ್ಕೆ 27 ಮಿಡಿತ, ನಮ್ಮ 100ಕ್ಕೆ 21, 911ಕ್ಕೆ 11, 112ಕ್ಕೆ ಬರೀ 4. ಹಳೆಯ ತಂತಿಗಳ ಕಾಲದಲ್ಲಾಗಿದ್ದರೆ ಗಾಳಿ ಬೀಸಿದರೆ ಸಾಕು, 112 ಬೀಳುವ ಭಯ. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಯೂರೋಪಿನಲ್ಲೇ ರೂಪುಗೊಂಡ ಜಿಎಸ್‌ಎಂ ಎಂಬ ಮೊಬೈಲ್ ಫೋನಿನ ಮಾನದಂಡದಲ್ಲಿ 112ನ್ನು ಸೇರಿಸಿಬಿಟ್ಟರು. ಆ ಫೋನು ಪ್ರಪಂಚವನ್ನೆಲ್ಲ ವ್ಯಾಪಿಸಿತು. ಫೋನಿನ ಜೊತೆಗೆ ಸಂಖ್ಯೆಯೂ ಬಂದು ನಮ್ಮ ಜೇಬಿನಲ್ಲಿ ಕುಳಿತಿತು.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಬಹಳ ಕಾಲದಿಂದ ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸಿಗೆ 102. 1ರಿಂದ ಆರಂಭವಾಗುವ ಸಂಖ್ಯೆಗಳನ್ನು ವಿಶೇಷ ಸೇವೆಗಳಿಗೆಂದು ತೆಗೆದಿರಿಸಿದ್ದರು. ಟ್ರಂಕ್ ಬುಕಿಂಗಿಗೆ 180, ನಂಬರು ವಿಚಾರಿಸಲು 197, ಫೋನ್ ಕೆಟ್ಟರೆ 198. ಇವೆಲ್ಲ ನಿಮ್ಮ ಅಜ್ಜ ಅಜ್ಜಿಯರಿಗೆ ನೆನಪಿರುತ್ತವೆ, ಕೇಳಿ ನೋಡಿ. ಬ್ರಿಟನ್ನಿನಲ್ಲಿ ಒಂದೇ ಸಂಖ್ಯೆ; ಎತ್ತಿದವರು "ಯಾವ ಸೇವೆ ಬೇಕು?" ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರ ನಿರ್ಧರಿಸಿಕೊಂಡೇ ಡಯಲ್ ಮಾಡಬೇಕಾಗಿತ್ತು. ಬಸ್ಸೊಂದು ಹಳ್ಳಕ್ಕೆ ಬಿದ್ದು ಬೆಂಕಿ ಹತ್ತಿಕೊಂಡರೆ ಮೊದಲು ಯಾರನ್ನು ಕರೆಯುವುದು? ಮೂರು ಕರೆ ಬೇಕು. ಅದೂ ಫೋನು ಇದ್ದ ಕಡೆಗೆ ಮೈಲಿಗಟ್ಟಲೆ ಓಡಿದ ಮೇಲೆ.

1996ರಲ್ಲಿ ಮುಂಬಯಿಯಲ್ಲಿ ಒಂದು ವಿಶೇಷ ಸಂಖ್ಯೆ ಹುಟ್ಟಿತು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ ಅವರು ಬೀದಿಯ ಮಕ್ಕಳಿಗಾಗಿ ಆರಂಭಿಸಿದ ಚೈಲ್ಡ್‌ಲೈನ್ 1098. ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಿಗೂ ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಲು ಬರುತ್ತದೆ. "ದಸ್, ನೌ, ಆಠ್" ಎಂದು ಆ ಮಕ್ಕಳ ಬಾಯಲ್ಲೇ ಆ ಸಂಖ್ಯೆ ಓಡಾಡಿತು. ಕಾಸಿಲ್ಲದೆ ಕರೆ ಮಾಡಬಹುದು. ಮನೆಯಲ್ಲಿ ಹೊಡೆತ, ಬಾಲ್ಯವಿವಾಹ, ಕೂಲಿಗೆ ದೂಡುವುದು, ಇಂಥ ಯಾವುದೇ ಸಂಕಟದಲ್ಲಿ ಮಗುವೇ ಕರೆಯಬಹುದು, ಮಗುವಿನ ಪರವಾಗಿ ನೀವೂ ಕರೆಯಬಹುದು. ಇಂದಿಗೂ ಆ ಸಂಖ್ಯೆ ಜೀವಂತವಾಗಿದೆ.

2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆರಂಭವಾಯಿತು. ಆಂಬುಲೆನ್ಸ್ ಎಂದರೆ ರೋಗಿಯನ್ನು ಸಾಗಿಸುವ ವ್ಯಾನು ಎಂದಷ್ಟೇ ತಿಳಿದಿದ್ದ ನಾಡಿನಲ್ಲಿ, ತರಬೇತಾದ ತಂತ್ರಜ್ಞ, ಆಮ್ಲಜನಕ, ಔಷಧಿ ಎಲ್ಲ ಇರುವ ಗಾಡಿ, ಕರೆ ಸ್ವೀಕರಿಸುವ ಒಂದು ಕೇಂದ್ರ, ಇವೆಲ್ಲವನ್ನೂ ಒಂದು ಸಂಖ್ಯೆಗೆ ಹೊಂದಿಸಿದ್ದು ದೊಡ್ಡ ಕೆಲಸ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಆರೋಗ್ಯ ಕವಚ ಎಂಬ ಹೆಸರಿನಲ್ಲಿ 108 ಬಂದಿತು. ಹಳ್ಳಿಗಳಲ್ಲಿ ಹೆರಿಗೆ ನೋವು ಬಂದರೆ ಈಗ ಯಾರೂ ಗಾಡಿ ಕಟ್ಟುವ ಮಾತಾಡುವುದಿಲ್ಲ, "ನೂರಾ ಎಂಟಕ್ಕೆ ಫೋನ್ ಮಾಡಿ" ಎನ್ನುತ್ತಾರೆ. ಗಾಡಿ ತಡವಾಯಿತು, ಬರಲೇ ಇಲ್ಲ ಎಂಬ ದೂರುಗಳೂ ಆಗಾಗ ಪತ್ರಿಕೆಗಳಲ್ಲಿ ಬರುತ್ತವೆ. ಸಂಖ್ಯೆ ಎಷ್ಟೇ ಚೆನ್ನಾಗಿದ್ದರೂ ಅದರ ಹಿಂದೆ ಗಾಡಿ, ಚಾಲಕ, ಡೀಸೆಲು ಇರಬೇಕಷ್ಟೆ.

2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಬಸ್ಸಿನೊಳಗೆ ಯುವತಿಯೊಬ್ಬಳ ಮೇಲೆ ನಡೆದ ಅತ್ಯಾಚಾರ ದೇಶವನ್ನೇ ಕಲಕಿತು. ಆ ಬಳಿಕ ಮಹಿಳೆಯರ ಸಹಾಯಕ್ಕೆ 181 ಬಂತು. ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ಬೇಕೆಂಬ ವಿಚಾರಕ್ಕೂ ಬಲ ಬಂತು. 2015ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 112ನ್ನು ಶಿಫಾರಸು ಮಾಡಿತು. 2018ರ ನವೆಂಬರ್ 28ರಂದು ಹಿಮಾಚಲ ಪ್ರದೇಶ ಅದನ್ನು ಮೊದಲು ಜಾರಿಗೆ ತಂದಿತು. ಆಮೇಲೆ ಒಂದೊಂದಾಗಿ ಬೇರೆ ರಾಜ್ಯಗಳಿಗೆ ಬಂತು, ನಮ್ಮ ಕರ್ನಾಟಕಕ್ಕೂ ಬಂತು. ಬೆಂಗಳೂರಿನಲ್ಲಿ 112ಕ್ಕೆ ಕರೆ ಮಾಡಿದರೆ ಹೊಯ್ಸಳ ಎಂದು ಬರೆದ ಪೊಲೀಸ್ ಗಾಡಿ ಬರುವುದನ್ನು ನೀವು ನೋಡಿರಬಹುದು.

112 ಒತ್ತಿದಾಗ ಏನಾಗುತ್ತದೆ? ಕರೆ ನಿಮ್ಮ ಹತ್ತಿರದ ಠಾಣೆಗೆ ಹೋಗುವುದಿಲ್ಲ. ರಾಜ್ಯದ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಒಬ್ಬರು ನಿಮ್ಮ ಮಾತು ಕೇಳುತ್ತ ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಇನ್ನೊಬ್ಬರು ನಕ್ಷೆಯ ಮೇಲೆ ನಿಮಗೆ ಹತ್ತಿರವಿರುವ ಗಾಡಿ ಯಾವುದೆಂದು ನೋಡಿ ಅದಕ್ಕೆ ಸೂಚನೆ ಕಳಿಸುತ್ತಾರೆ. ಕರೆ ತೆಗೆದುಕೊಂಡವರು ನಿಮ್ಮ ಊರನ್ನು ಕಂಡವರಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. "ಬೇಗ ಬನ್ನಿ ಸಾರ್, ಇಲ್ಲೇ ದೊಡ್ಡ ಆಲದ ಮರದ ಹತ್ತಿರ" ಎಂದರೆ ಕರ್ನಾಟಕದಲ್ಲಿ ಎಷ್ಟು ಆಲದ ಮರಗಳಿಲ್ಲ! ಆದ್ದರಿಂದ ಮೊದಲು ಸ್ಥಳ ಹೇಳಿ. ಜಿಲ್ಲೆ, ತಾಲ್ಲೂಕು, ಊರು, ಬೀದಿ, ಆಮೇಲೆ ಗುರುತು. ಹೆದ್ದಾರಿಯಾದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿ, ಯಾವ ಊರಿನ ಕಡೆ ಹೋಗುವ ದಾರಿ ಎಂಬುದು. ಆಮೇಲೆ ಏನಾಗಿದೆ, ಎಷ್ಟು ಜನರಿಗೆ ಏನಾಗಿದೆ. ಕೊನೆಗೆ ನಿಮ್ಮ ಹೆಸರು. ಈ ಕ್ರಮಕ್ಕೆ ಕಾರಣವಿದೆ. ಮಾತಿನ ನಡುವೆ ಬ್ಯಾಟರಿ ಮುಗಿದರೂ ಸ್ಥಳ ತಿಳಿದಿದ್ದರೆ ಗಾಡಿ ಹೊರಡುತ್ತದೆ. ಹೆಸರು ತಿಳಿದು ಸ್ಥಳ ತಿಳಿಯದಿದ್ದರೆ ಯಾರೇನು ಮಾಡಿಯಾರು? ಅವರು ಪ್ರಶ್ನೆ ಕೇಳುತ್ತಿದ್ದರೆ ಸಿಡುಕಬೇಡಿ. ನೀವು ಉತ್ತರ ಕೊಡುತ್ತಿರುವಾಗಲೇ ಗಾಡಿಗೆ ಸೂಚನೆ ಹೋಗಿರುತ್ತದೆ. ಅವರು ಇಡಿ ಎನ್ನುವವರೆಗೆ ಫೋನ್ ಇಡಬೇಡಿ.

ಮಾತನಾಡಲಾಗದ ಸಂದರ್ಭವೂ ಉಂಟು. ನಮ್ಮ ದೇಶದಲ್ಲಿ 2017ರಿಂದ ಮಾರುವ ಫೋನುಗಳಲ್ಲಿ ತುರ್ತು ಗುಂಡಿ ಇರಬೇಕೆಂದು ಸರ್ಕಾರ ನಿಯಮ ಮಾಡಿತು. ಸಾಧಾರಣ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತುವುದು ಎಂದು ಆ ನಿಯಮ ಹೇಳುತ್ತದೆ. ನಿಮ್ಮ ಫೋನಿನಲ್ಲಿ ಅದು ಹೇಗಿದೆ ಎಂದು ಸೆಟ್ಟಿಂಗ್ಸ್ ತೆರೆದು ಓದಿ ತಿಳಿಯಿರಿ. ಪರೀಕ್ಷೆಗೆಂದು ಒತ್ತಬೇಡಿ ಮತ್ತೆ! ಇನ್ನೊಂದು ತಪ್ಪು ತಿಳುವಳಿಕೆ ಹರಡಿದೆ. ಸಿಗ್ನಲ್ಲೇ ಇಲ್ಲದ ಕಾಡಿನಲ್ಲಿ ಕೂಡ 112 ಹೋಗುತ್ತದೆ, ಅದು ಉಪಗ್ರಹದ ಮೂಲಕ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಅದು ಸರಿಯಲ್ಲ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಬೇರೆ ಕಂಪನಿಯ ಸಿಗ್ನಲ್ ಹಿಡಿದು ಆ ಕರೆ ಹೋಗಬಲ್ಲದು. ಕೀಲಿ ಹಾಕಿದ ಫೋನಿನಿಂದಲೂ ಹೋಗುತ್ತದೆ. ಆದರೆ ಯಾವ ಗೋಪುರದ ಸಿಗ್ನಲ್ಲೂ ತಲುಪದ ಕಡೆ ಸಾಧಾರಣ ಮೊಬೈಲಿನಿಂದ 112 ಕೂಡ ಹೋಗದು. ಚಾರಣಕ್ಕೆ ಹೋಗುವವರು ಇದನ್ನು ತಿಳಿದೇ ಹೊರಡಬೇಕು.

ರಸ್ತೆಯಲ್ಲಿ ಅಪಘಾತ ಕಂಡರೂ ಕರೆ ಮಾಡದೆ ಹೋಗುವವರಿದ್ದಾರೆ. ಕಲ್ಲು ಹೃದಯವೆಂದಲ್ಲ, ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಭಯ. ಈ ಭಯಕ್ಕೆ ಹಿಂದೆ ಕಾರಣವೂ ಇತ್ತು. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು, ನೆರವಿಗೆ ಬಂದವರನ್ನು ಕಾಡಿಸಬಾರದೆಂಬ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ಅದನ್ನೇ ಸೇರಿಸಿದರು. ಫೋನ್ ಮಾಡಿ ತಿಳಿಸಿದವರು, ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂಬ ಕಡ್ಡಾಯ ಈಗ ಇಲ್ಲ. ಈ ಮಾತನ್ನು ನಿಮ್ಮ ಮನೆಯ ಹಿರಿಯರಿಗೂ ಹೇಳಿ. ಅವರಲ್ಲಿ ಬಹಳ ಜನಕ್ಕೆ ಇದು ತಿಳಿದಿಲ್ಲ.

ಹುಡುಗಾಟದ ಕರೆಗಳ ಬಗ್ಗೆ ಒಂದು ಮಾತು. 999ಕ್ಕೆ ಮೊದಲ ವಾರ ಬಂದ 1,336 ಕರೆಗಳಲ್ಲಿ 91 ಕೀಟಲೆಯವು. ಹುಟ್ಟಿದ ವಾರವೇ! ಕೀಟಲೆ ಮಾಡುವವನಿಗೆ ತಾನು ಪೊಲೀಸರನ್ನು ಏಮಾರಿಸಿದೆ ಎಂಬ ಖುಷಿ. ಆದರೆ ಆ ಹೊತ್ತಿಗೆ ಸಾಲಿನಲ್ಲಿ ಕಾಯುತ್ತಿರುವವನು ಪೊಲೀಸನಲ್ಲ. ಹತ್ತು ಸಲ ಸುಳ್ಳು ಶಟರು ಬಿದ್ದ ಮೇಲೆ ಹನ್ನೊಂದನೆಯದನ್ನು ಎತ್ತುವ ಕೈ ಹೇಗೆ ನಿಧಾನವಾಗುತ್ತದೆ ಎಂಬುದನ್ನು ನಾನು ನಿಮಗೆ ಆಗಲೇ ಹೇಳಿದ್ದೇನೆ.

ಇನ್ನೆರಡು ಸಂಖ್ಯೆಗಳನ್ನು ಬರೆದುಕೊಳ್ಳಿ. ಫೋನಿನ ಮೂಲಕ ಯಾರಾದರೂ ಮೋಸ ಮಾಡಿ ಬ್ಯಾಂಕಿನ ಹಣ ಎಳೆದುಕೊಂಡರೆ 1930. ಇಲ್ಲಿ ಕೂಡ ಹೊತ್ತೇ ಮುಖ್ಯ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ ತಿಳಿಸಿದರೆ ತಡೆಯುವ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದು ಆಮೇಲೆ ಹೇಳುವವರೇ ಹೆಚ್ಚು. ಎರಡನೆಯದು 14416, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಕನ್ನಡದಲ್ಲಿ ಮಾತನಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು. ಪರೀಕ್ಷೆಯ ಫಲಿತಾಂಶದ ದಿನ, ಹಾಸ್ಟೆಲಿನಲ್ಲಿ ಒಬ್ಬರೇ ಕೂತು ಏನೂ ಬೇಡವೆನಿಸಿದ ರಾತ್ರಿ, ಇದೂ ತುರ್ತೇ. ರಕ್ತ ಕಾಣಿಸುವುದಿಲ್ಲವೆಂದು ಅದನ್ನು ಕಡಿಮೆ ಎಣಿಸಬೇಡಿ. ಗೆಳೆಯನ ಪರವಾಗಿ ನೀವೇ ಕರೆ ಮಾಡಿದರೂ ಆಗುತ್ತದೆ.

ಕೊನೆಯಲ್ಲಿ ನಿಮಗೊಂದು ಮನೆಗೆಲಸ. ಇವತ್ತು ರಾತ್ರಿ ಊಟವಾದ ಮೇಲೆ ಒಬ್ಬರು 112ರ ಕೇಂದ್ರದವರಾಗಿ, ಇನ್ನೊಬ್ಬರು ಕರೆಯುವವರಾಗಿ ಮಾತನಾಡಿ ನೋಡಿ. ಫೋನ್ ಬೇಡ, ಬಾಯಿಮಾತು ಸಾಕು. ನಿಮ್ಮ ಊರನ್ನು ಎಂದೂ ನೋಡದ ಒಬ್ಬರಿಗೆ ನಿಮ್ಮ ಮನೆಯ ಬಾಗಿಲಿನವರೆಗಿನ ದಾರಿಯನ್ನು ಅರ್ಧ ನಿಮಿಷದಲ್ಲಿ ಹೇಳಲು ಬರುತ್ತದೆಯೇ? ಮನೆಯಲ್ಲಿ ಅಜ್ಜಿ ಇದ್ದರೆ ಅವರಿಂದಲೂ ಹೇಳಿಸಿ. ಹಗಲು ನೀವೆಲ್ಲ ಶಾಲೆ, ಕಾಲೇಜು, ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿರುವವರು ಅವರೇ ಅಲ್ಲವೇ.